ಹತ್ತೂಷಾ ಒಂದಿನದ ಟೂರ್: ಕಾದೇಶ್ ಒಪ್ಪಂದಕ್ಕೋಸ್ಕರನೇ ಹೋಗೋರಿಗೆ ನನ್ನ ರಿವ್ಯೂ

ಮೊದ್ಲೇ ಹೇಳ್ಬಿಡ್ತೀನಿ, ಗೈಡಿಗೆ ಐದಕ್ಕೆ ಐದು, ಅವರನ್ನ ಕಳಿಸಿದ ಟೂರ್ ಕಂಪನಿಗೆ ಐದಕ್ಕೆ ಮೂರು. ಟರ್ಕಿಗೆ ಹೋಗೋ ನಮ್ಮೋರು ಸಾಮಾನ್ಯವಾಗಿ ಇಸ್ತಾಂಬುಲ್, ಕಪ್ಪಡೋಕಿಯಾದ ಬಲೂನು, ಪಮುಕ್ಕಲೆ ಇಷ್ಟು ಮುಗಿಸಿ ವಾಪಸ್ ಬಂದ್ಬಿಡ್ತಾರೆ, ಅಂಕಾರಾ ಕಡೆ ತಿರುಗಿನೂ ನೋಡಲ್ಲ. ಅಂಕಾರಾದಿಂದ ಪೂರ್ವಕ್ಕೆ ಸುಮಾರು 200 ಕಿಲೋಮೀಟರ್ ಹೋದ್ರೆ ಬೊವಾಜ್‌ಕಲೆ ಅಂತ ಸಣ್ಣ ಊರು ಸಿಗುತ್ತೆ, ಅದರ ಮೇಲಿನ ಗುಡ್ಡದ ತುಂಬಾ ಹರಡಿಕೊಂಡಿರೋದೇ ಹಿಂದೆ ಈ ಭಾಗವನ್ನ ಆಳ್ತಿದ್ದ ಹಿಟೈಟ್ ಸಾಮ್ರಾಜ್ಯದ ರಾಜಧಾನಿ ಹತ್ತೂಷಾ. ನಾನು ಮತ್ತೆ ನನ್ನ ಚಿಕ್ಕಪ್ಪ (ಹೈಸ್ಕೂಲಲ್ಲಿ ಸಮಾಜ ಪಾಠ ಮಾಡಿ ರಿಟೈರ್ ಆದವರು) ಅಂಕಾರಾದಿಂದ ಕಾರು, ಇಂಗ್ಲಿಷ್ ಗೈಡ್, ಟಿಕೆಟ್ಟು, ಮಧ್ಯಾಹ್ನದ ಊಟ ಎಲ್ಲಾ ಸೇರಿದ ಒಂದಿನದ ಪ್ಯಾಕೇಜ್ ತಗೊಂಡಿದ್ವಿ. ರೇಟು ಕಮ್ಮಿ ಏನಲ್ಲ, ಬೇರೆಯವರ ಜೊತೆ ಸೇರಿ ಹೋಗೋ ಗ್ರೂಪ್ ಟೂರು ಸಿಗಲಿಲ್ಲ, ಅದಕ್ಕೇ ಪ್ರೈವೇಟ್. ಹೋಗಿದ್ದು ಒಂದೇ ಒಂದು ಕಾರಣಕ್ಕೆ, ಈಜಿಪ್ಟಿಗೂ ಹಿಟೈಟರಿಗೂ ಆದ ಕಾದೇಶ್ ಒಪ್ಪಂದದ ಮಣ್ಣಿನ ಹಲಗೆ ಸಿಕ್ಕಿದ ಜಾಗ ಕಣ್ಣಾರೆ ನೋಡ್ಬೇಕು ಅಂತ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಜಗಳ ಇದ್ದಿದ್ದು ಇವತ್ತಿನ ಸಿರಿಯಾ ಭಾಗಕ್ಕೆ. ದಕ್ಷಿಣದಿಂದ ಈಜಿಪ್ಟ್, ಉತ್ತರದಿಂದ ಹಿಟೈಟರು, ಮಧ್ಯದಲ್ಲಿ ಒರೊಂಟಿಸ್ ನದಿ ದಡದ ಕೋಟೆ ಊರು ಕಾದೇಶ್, ಅದರ ಪಕ್ಕಕ್ಕೆ ಅಮುರ್ರು ಅನ್ನೋ ಸಣ್ಣ ರಾಜ್ಯ, ಇವೆರಡೂ ಒಂದು ಕಾಲದಲ್ಲಿ ಇವರ ಕಡೆ ಇನ್ನೊಂದು ಕಾಲದಲ್ಲಿ ಅವರ ಕಡೆ. ಕ್ರಿ.ಪೂ. ಸುಮಾರು 1274ರಲ್ಲಿ, ತನ್ನ ಆಳ್ವಿಕೆಯ 5ನೇ ವರ್ಷ, ಈಜಿಪ್ಟಿನ ದೊರೆ ಎರಡನೇ ರಾಮ್ಸೆಸ್ ದಂಡೆತ್ತಿ ಬಂದ. ಹಿಟೈಟ್ ದೊರೆ ಎರಡನೇ ಮುವತಲ್ಲಿ ಸೈನ್ಯನೆಲ್ಲಾ ಕಾದೇಶಿನ ಹಿಂದೆ ಬಚ್ಚಿಟ್ಟು, ಹಿಟೈಟರು ಇನ್ನೂ ದೂರದಲ್ಲಿದ್ದಾರೆ ಅಂತ ಸುಳ್ಳು ಹೇಳೋಕೆ ಇಬ್ಬರನ್ನ ಈಜಿಪ್ಟಿನವರ ಹತ್ರ ಕಳಿಸಿದ, ರಾಮ್ಸೆಸ್ ಅದನ್ನ ನಂಬಿ ಡೇರೆ ಹಾಕ್ತಿದ್ದ ಹಾಗೇ ರಥಗಳು ನುಗ್ಗಿದ್ವು. ರಾಮ್ಸೆಸ್ ಜೀವ ಉಳಿಸ್ಕೊಂಡು ವಾಪಸ್ ಹೋಗಿ ದೇವಸ್ಥಾನದ ಗೋಡೆಗೋಡೆ ಮೇಲೂ ನಾನೇ ಗೆದ್ದೆ ಅಂತ ಕೆತ್ತಿಸಿದ, ಆದ್ರೆ ಕಾದೇಶ್ ಮಾತ್ರ ಹಿಟೈಟರ ಕೈಲೇ ಉಳೀತು. ಆಮೇಲೂ ವರ್ಷಗಟ್ಟಲೆ ಎಳೆದಾಡಿ, ಕೊನೆಗೆ ರಾಮ್ಸೆಸನ ಆಳ್ವಿಕೆಯ 21ನೇ ವರ್ಷ, ಅಂದ್ರೆ ಕ್ರಿ.ಪೂ. ಸುಮಾರು 1259ರಲ್ಲಿ, ಮುವತಲ್ಲಿಯ ತಮ್ಮ ಮೂರನೇ ಹತ್ತುಸಿಲಿ ಜೊತೆ ಒಪ್ಪಂದ ಆಯ್ತು. ಅದನ್ನ ಬೆಳ್ಳಿ ಹಲಗೆ ಮೇಲೆ ಬರೆದು ಒಬ್ಬರಿಗೊಬ್ಬರು ಕಳಿಸಿಕೊಂಡ್ರು. ಆ ಬೆಳ್ಳಿ ಹಲಗೆಗಳು ಎರಡೂ ಸಿಕ್ಕಿಲ್ಲ. ಉಳಿದಿರೋದು ಈಜಿಪ್ಟಿನ ಕಾರ್ನಾಕ್ ದೇವಸ್ಥಾನದ ಗೋಡೆ ಮತ್ತೆ ರಾಮೇಸಿಯಂ (ರಾಮ್ಸೆಸ್ ಕಟ್ಟಿಸಿದ ದೇವಸ್ಥಾನ) ಗೋಡೆ ಮೇಲೆ ಕೆತ್ತಿರೋ ಪಾಠ, ಮತ್ತೆ ಇಲ್ಲಿ ಹತ್ತೂಷಾದಲ್ಲಿ 1906ರಲ್ಲಿ ಸಿಕ್ಕಿದ ಮಣ್ಣಿನ ಹಲಗೆ.

ಈಗ ಸರ್ವಿಸ್ ವಿಷಯಕ್ಕೆ ಬರ್ತೀನಿ. ಬೆಳಿಗ್ಗೆ ಹೇಳಿದ ಟೈಮಿಗೆ ಸರಿಯಾಗಿ ಹೋಟೆಲ್ ಹತ್ರ ಕಾರ್ ಬಂತು, ಕಾರ್ ನೀಟಾಗಿತ್ತು, ಡ್ರೈವರ್ ಎಲ್ಲೂ ಓವರ್ ಸ್ಪೀಡ್ ಮಾಡಲಿಲ್ಲ. ಆದ್ರೆ ಕಂಪನಿಯವರು ಮೊದಲೇ ಕಳಿಸಿದ್ದ ಬ್ರೋಷರಲ್ಲಿ ಎರಡು ತಪ್ಪಿತ್ತು, ಇದನ್ನ ಹೇಳಲೇಬೇಕು ಯಾಕಂದ್ರೆ ಇದನ್ನ ನಂಬಿ ದುಡ್ಡು ಕಟ್ಟೋರು ಇರ್ತಾರೆ. ಒಂದು, "ಪ್ರಪಂಚದ ಮೊಟ್ಟಮೊದಲ ಶಾಂತಿ ಒಪ್ಪಂದ" ಅಂತ ದೊಡ್ಡಕ್ಷರದಲ್ಲಿ ಹಾಕಿದ್ರು. ಅದು ಸರಿಯಲ್ಲ, ಸಿರಿಯಾದ ಎಬ್ಲಾದಲ್ಲಿ ಇದಕ್ಕಿಂತ ಸಾವಿರ ವರ್ಷ ಹಳೇ ಒಪ್ಪಂದದ ಹಲಗೆ ಸಿಕ್ಕಿದೆ. ಕಾದೇಶ್ ಒಪ್ಪಂದದ ನಿಜವಾದ ಹೆಚ್ಚುಗಾರಿಕೆ ಬೇರೆ, ಎರಡೂ ಕಡೆಯವರ ಪ್ರತಿ ನಮಗೆ ಸಿಕ್ಕಿರೋ ಒಪ್ಪಂದಗಳಲ್ಲಿ ಇದೇ ಅತಿ ಹಳೇದು, ಹಾಗಾಗಿ ಒಂದನ್ನ ಇನ್ನೊಂದರ ಪಕ್ಕ ಇಟ್ಟು ಓದಬಹುದು. ಇನ್ನೊಂದು ತಪ್ಪು, ಮೂಲ ಹಲಗೆ ಬೊವಾಜ್‌ಕಲೆ ಮ್ಯೂಸಿಯಂನಲ್ಲೇ ನೋಡಬಹುದು ಅಂತ ಬರೆದಿದ್ರು. ಮೂಲ ಹಲಗೆ ಇರೋದು ಇಸ್ತಾಂಬುಲ್ ಆರ್ಕಿಯಾಲಜಿ ಮ್ಯೂಸಿಯಂ ಆವರಣದ ಪ್ರಾಚೀನ ಪೂರ್ವದ ಕಟ್ಟಡದಲ್ಲಿ, ಒಂದು ಚೂರು ಬರ್ಲಿನ್ನಲ್ಲೂ ಇದೆ. ಬೊವಾಜ್‌ಕಲೆ ಮ್ಯೂಸಿಯಂನಲ್ಲಿ ನೋಡಬೇಕಾಗಿರೋದು ಹತ್ತೂಷಾದ ಬಾಗಿಲಲ್ಲಿದ್ದ ಎರಡು ಸ್ಫಿಂಕ್ಸು, ಅದರಲ್ಲಿ ಒಂದು ಎಷ್ಟೋ ವರ್ಷ ಬರ್ಲಿನ್ನಲ್ಲಿದ್ದು 2011ರಲ್ಲಿ ವಾಪಸ್ ಬಂದಿದ್ದು, ಅದು ನಿಜಕ್ಕೂ ಚೆನ್ನಾಗಿದೆ.

ಗೈಡ್ ಮಾತ್ರ ಚಿನ್ನದಂಥವರು. ಪುರಾತತ್ವ ಓದಿದ ಹೆಣ್ಣುಮಗಳು, ಕಾರ್ ಹತ್ತಿದ ತಕ್ಷಣ ನೀವು ಏನು ನೋಡೋಕೆ ಬಂದಿದ್ದೀರಿ ಅಂತ ಕೇಳಿದ್ರು, ಚಿಕ್ಕಪ್ಪ ಒಪ್ಪಂದ ಅಂದಿದ್ದೇ ತಡ ಬ್ಯಾಗಿಂದ ಒಂದು ಫೈಲ್ ತೆಗೆದ್ರು, ಅದರಲ್ಲಿ ಲ್ಯಾಮಿನೇಟ್ ಮಾಡಿದ ಎರಡು ಹಾಳೆ, ಒಂದರಲ್ಲಿ ಕಾರ್ನಾಕ್ ಗೋಡೆ ಪಾಠದ ಇಂಗ್ಲಿಷ್ ಅನುವಾದ, ಇನ್ನೊಂದರಲ್ಲಿ ಹತ್ತೂಷಾ ಹಲಗೆಯದ್ದು. ಸೈಟಿನ ಒಳಗೆ ಹೋದ್ಮೇಲೆ ದೊಡ್ಡ ದೇವಸ್ಥಾನದ ಪಾಯ, ಅಲ್ಲಿರೋ ಚೌಕಾಕಾರದ ಹಸಿರು ಕಲ್ಲು, ಸಿಂಹದ ಬಾಗಿಲು ಇದನ್ನೆಲ್ಲಾ ಬೇಕಾದಷ್ಟೇ ಹೇಳಿ ಮುಗಿಸಿದ್ರು. ಯೆರ್‌ಕಪಿ ಅನ್ನೋ ಕಡೆ ಕೋಟೆ ದಿಬ್ಬದ ಅಡಿಯಲ್ಲಿ ಸುಮಾರು 70 ಮೀಟರ್ ಉದ್ದದ ಕಲ್ಲಿನ ಸುರಂಗ ಇದೆ, ಎರಡೂ ಕಡೆ ಕಲ್ಲು ಒಳಕ್ಕೆ ವಾಲಿಸಿ ಕಟ್ಟಿರೋದು, ಅದರಲ್ಲಿ ಆ ಕಡೆಯಿಂದ ಈ ಕಡೆ ನಡೆದು ಹೋಗಬಹುದು, ಮಕ್ಕಳಿದ್ರೆ ತುಂಬಾ ಇಷ್ಟ ಪಡ್ತಾರೆ.

ಆದ್ರೆ ಟೂರಿನ ಜೀವ ಇರೋದು ಬ್ಯುಯುಕ್ಕಲೆ ಅನ್ನೋ ಅರಮನೆ ಗುಡ್ಡದ ಮೇಲೆ. ಇಲ್ಲೇ ಹ್ಯೂಗೋ ವಿಂಕ್ಲರ್ ಅನ್ನೋ ಜರ್ಮನ್ ವಿದ್ವಾಂಸ, ಒಟ್ಟೋಮನ್ ಮ್ಯೂಸಿಯಂ ಪರವಾಗಿ ಬಂದಿದ್ದ ಮಕ್ರಿದಿ ಜೊತೆ ಸೇರಿ ಅಗೆಸಿದಾಗ ಸಾವಿರಾರು ಹಲಗೆ ಚೂರುಗಳು ಸಿಕ್ಕಿದ್ದು. ಹೆಚ್ಚಿನವು ಹಿಟೈಟ್ ಭಾಷೆಯಲ್ಲಿ, ಆಗ ಅದನ್ನ ಓದೋಕೆ ಯಾರಿಗೂ ಬರ್ತಿರಲಿಲ್ಲ, ಆದ್ರೆ ಒಪ್ಪಂದದ ಹಲಗೆ ಅಕ್ಕಾಡಿಯನ್ ಭಾಷೆಯಲ್ಲಿತ್ತು, ಆ ಕಾಲದಲ್ಲಿ ದೇಶ ದೇಶದ ಮಧ್ಯೆ ಪತ್ರ ವ್ಯವಹಾರ ನಡೀತಿದ್ದಿದ್ದೇ ಅದರಲ್ಲಿ. ವಿಂಕ್ಲರ್‌ಗೆ ಅಕ್ಕಾಡಿಯನ್ ಬರ್ತಿತ್ತು, ಕಾರ್ನಾಕಿನ ಪಾಠ ಮೊದಲೇ ಗೊತ್ತಿತ್ತು, ಹಾಗಾಗಿ ಓದ್ತಿದ್ದ ಹಾಗೇ ಇದು ಅದೇ ಒಪ್ಪಂದ ಅಂತ ಹೊಳೀತು, ಈ ಹಾಳು ಊರೇ ಹಿಟೈಟರ ರಾಜಧಾನಿ ಅಂತಲೂ ಗೊತ್ತಾಯ್ತು. ಗೈಡ್ ನಮ್ಮಿಬ್ಬರನ್ನ ಒಂದು ಗೋಡೆ ಪಾಯದ ಮೇಲೆ ಕೂರಿಸಿ, ಒಂದು ಹಾಳೆ ಚಿಕ್ಕಪ್ಪನ ಕೈಗೆ, ಒಂದು ನನ್ನ ಕೈಗೆ ಕೊಟ್ಟು ಒಂದೊಂದೇ ಷರತ್ತು ಜೋರಾಗಿ ಓದಿಸಿದ್ರು. ಇಂಥಾ ಗೈಡ್‌ನ ನಾನು ಎಲ್ಲೂ ನೋಡಿಲ್ಲ.

ಓದ್ತಾ ಹೋದ ಹಾಗೆ ಒಂದು ವಿಷಯ ಗೊತ್ತಾಯ್ತು, ಹತ್ತೂಷಾದಲ್ಲಿ ಸಿಕ್ಕಿರೋ ಪ್ರತಿಯಲ್ಲಿ ಮಾತಾಡ್ತಿರೋದು ರಾಮ್ಸೆಸ್, ಕಾರ್ನಾಕ್ ಗೋಡೆ ಮೇಲಿರೋದರಲ್ಲಿ ಮಾತಾಡ್ತಿರೋದು ಹತ್ತುಸಿಲಿ. ಅಂದ್ರೆ ಅವನು ಬರೆದುಕೊಟ್ಟಿದ್ದು ಇವನ ಹತ್ರ, ಇವನು ಬರೆದುಕೊಟ್ಟಿದ್ದು ಅವನ ಹತ್ರ. ಇದು ಕೇಳಿ ಚಿಕ್ಕಪ್ಪನಿಗೆ ಎಷ್ಟು ಖುಷಿ ಆಯ್ತು ಅಂದ್ರೆ, "ನೋಡೋ, ಭಾಗದ ಪತ್ರ ಬರೆಸಿದ ಮೇಲೆ ಅಣ್ಣನ ಸಹಿ ಇರೋ ಪ್ರತಿ ತಮ್ಮನ ಟ್ರಂಕಲ್ಲಿ ಇರ್ಬೇಕು, ತಮ್ಮನ ಸಹಿ ಇರೋದು ಅಣ್ಣನ ಟ್ರಂಕಲ್ಲಿ, ಆವಾಗ್ಲೇ ನಾಳೆ ಮಾತು ತಪ್ಪೋಕಾಗಲ್ಲ" ಅಂದ್ರು. ಕಾರ್ನಾಕಿನ ಪ್ರತಿಗೆ ಮಾತ್ರ ಈಜಿಪ್ಟಿನವರು ಮುಂದೆ ಒಂದು ಪೀಠಿಕೆ ಸೇರಿಸಿದ್ದಾರೆ, ಹಿಟೈಟರ ದೂತರು ಬೆಳ್ಳಿ ಹಲಗೆ ಹಿಡ್ಕೊಂಡು ರಾಮ್ಸೆಸ್ ಹತ್ರ ಶಾಂತಿ ಬೇಡೋಕೆ ಬಂದ್ರು ಅಂತ. ಹತ್ತೂಷಾದ ಪ್ರತಿಯಲ್ಲಿ ಬೇಡೋದು ಗೀಡೋದು ಏನೂ ಇಲ್ಲ, ಇಬ್ಬರೂ ಮಹಾರಾಜರು, ಇಬ್ಬರೂ ಅಣ್ಣತಮ್ಮಂದಿರು, ಸರಿ ಸಮ. ತಮ್ಮ ತಮ್ಮ ಜನಕ್ಕೆ ಹೇಳ್ಕೊಳ್ಳೋಕೆ ಒಂದೊಂದು ಕಥೆ ಇಟ್ಕೊಂಡ್ರು, ಆದ್ರೆ ಷರತ್ತುಗಳಲ್ಲಿ ಯಾರೂ ಕೈಯಾಡಿಸಲಿಲ್ಲ. ಗಡಿ ಜಗಳ ನಿಲ್ಲೋಕೆ ಇದು ಸಾಕಾಗುತ್ತೆ ಅನ್ನೋದೇ ನನಗೆ ಈ ಟೂರಿಂದ ಸಿಕ್ಕಿದ ದೊಡ್ಡ ಲಾಭ.

ಇನ್ನೂ ಆಶ್ಚರ್ಯ ಆಗಿದ್ದು ಗಡಿ ವಿಷಯದಲ್ಲೇ. ಬ್ರೋಷರಲ್ಲಿ "ಗಡಿ ಗುರುತಿಸಿದ ಒಪ್ಪಂದ" ಅಂತ ಇತ್ತು, ಆದ್ರೆ ಎರಡು ಹಾಳೆ ಪೂರ್ತಿ ಓದಿದ್ರೂ ಗಡಿ ಇಲ್ಲಿಂದ ಇಲ್ಲೀವರೆಗೆ ಅಂತ ಒಂದು ಸಾಲೂ ಇಲ್ಲ! ಒಬ್ಬರ ನೆಲಕ್ಕೆ ಇನ್ನೊಬ್ಬರು ಯಾವತ್ತೂ ಏನೂ ಕಿತ್ಕೊಳ್ಳೋಕೆ ಹೋಗಕೂಡದು, ಹಿಂದಿನ ದೊರೆಗಳ ಕಾಲದಲ್ಲಿದ್ದ ಒಪ್ಪಂದ ಹಾಗೇ ನಡೀಬೇಕು, ಅಷ್ಟೇ. ಗೈಡ್ ವಿವರಿಸಿದ್ದು ನನಗೆ ಒಪ್ಪಿಗೆ ಆಯ್ತು, ಕಾದೇಶ್ ಮತ್ತೆ ಅಮುರ್ರು ಆಗಲೇ ಹಿಟೈಟರ ಹತ್ರ ಇದ್ವು, ದಕ್ಷಿಣದ ಕಾನಾನ್ ಸೀಮೆ ಈಜಿಪ್ಟಿನ ಹತ್ರ ಇತ್ತು, ಗೋಡೆಗೋಡೆ ಮೇಲೂ ಗೆಲುವು ಕೆತ್ತಿಸಿದ ರಾಮ್ಸೆಸ್ ಕಾದೇಶ್ ಬಿಟ್ಟುಕೊಟ್ಟೆ ಅಂತ ಅಕ್ಷರದಲ್ಲಿ ಬರೆಯೋದು ಸಾಧ್ಯನೇ ಇರಲಿಲ್ಲ, ಬರೆಯದೇ ಇದ್ದಿದ್ದರಿಂದಲೇ ಅವನು ಒಪ್ಪಿಕೊಳ್ಳೋಕಾಯ್ತು. ಹತ್ತುಸಿಲಿಗೂ ಅವಸರ ಇತ್ತು. ಅಣ್ಣನ ಮಗ ಉರ್ಹಿ-ತೆಶುಬ್‌ನ ಇಳಿಸಿ ತಾನು ಪಟ್ಟಕ್ಕೆ ಬಂದವನು, ಆ ಹುಡುಗ ತಪ್ಪಿಸಿಕೊಂಡು ಈಜಿಪ್ಟ್ ಸೇರ್ಕೊಂಡಿದ್ದ, ಪೂರ್ವದಲ್ಲಿ ಅಸ್ಸೀರಿಯಾ ದಿನದಿಂದ ದಿನಕ್ಕೆ ಬೆಳೀತಿತ್ತು. ಅದಕ್ಕೇ ಒಪ್ಪಂದದಲ್ಲಿ ನನ್ನ ಮಗನ ಪಟ್ಟಕ್ಕೆ ಯಾರಾದ್ರೂ ಅಡ್ಡ ಬಂದ್ರೆ ಈಜಿಪ್ಟು ಸೈನ್ಯ ಕಳಿಸ್ಬೇಕು ಅಂತ ಷರತ್ತು ಹಾಕಿಸಿಕೊಂಡಿದ್ದಾನೆ. ಹೊರಗಿನವರು ಮೇಲೆ ಬಿದ್ರೆ ಒಬ್ಬರಿಗೊಬ್ಬರು ದಂಡು ಕಳಿಸ್ಬೇಕು ಅನ್ನೋದಂತೂ ಇಬ್ಬರಿಗೂ ಇದೆ.

ನನಗೆ ಗಂಟಲು ಕಟ್ಟಿದ್ದು ಓಡಿಹೋದವರ ಷರತ್ತು ಓದೋವಾಗ. ಇಲ್ಲಿಂದ ಯಾರಾದ್ರೂ ಓಡಿ ಅಲ್ಲಿಗೆ ಹೋದ್ರೆ ಹಿಡಿದು ವಾಪಸ್ ಕಳಿಸ್ಬೇಕು, ಇದು ಎಲ್ಲಾ ರಾಜರೂ ಬರೆಸೋದೇ. ಆದ್ರೆ ಮುಂದಿನ ಮಾತು ನೋಡಿ, ವಾಪಸ್ ಬಂದವನ ಮೇಲೆ ಅಪರಾಧ ಹೊರಿಸಕೂಡದು, ಅವನ ಮನೆ ಹಾಳು ಮಾಡಕೂಡದು, ಹೆಂಡತಿ ಮಕ್ಕಳನ್ನ ಮುಟ್ಟಕೂಡದು, ಅವನನ್ನ ಕೊಲ್ಲಕೂಡದು, ಅವನ ಕಣ್ಣಿಗೆ, ಕಿವಿಗೆ, ಬಾಯಿಗೆ, ಕಾಲಿಗೆ ಏನೂ ಮಾಡಕೂಡದು. ಕಣ್ಣು, ಕಿವಿ, ಬಾಯಿ, ಕಾಲು ಅಂತ ಒಂದೊಂದೇ ಹೆಸರು ಹಿಡಿದು ಬರೆದಿದ್ದಾರೆ ಅಂದ್ರೆ ಅದುವರೆಗೆ ಅವಕ್ಕೆಲ್ಲಾ ಏನು ಮಾಡ್ತಿದ್ರು ಅಂತ ಯೋಚನೆ ಮಾಡಿ. ಮೂರು ಸಾವಿರ ವರ್ಷಕ್ಕೂ ಹಿಂದೆ, ಇಬ್ಬರು ಚಕ್ರವರ್ತಿಗಳ ಕಾಗದದಲ್ಲಿ ಹೆಸರಿಲ್ಲದ ಒಬ್ಬ ಮನುಷ್ಯನ ಕಣ್ಣಿಗೆ ರಕ್ಷಣೆ ಇದೆ. ಇಷ್ಟು ದೂರ ಹೋಗಿದ್ದು ಇದೊಂದು ಸಾಲಿಗೇ ಸಾರ್ಥಕ.

ಕೊನೆಯಲ್ಲಿ ಸಾಕ್ಷಿಗಳು ಬರ್ತಾರೆ, ಹತ್ತಿ ದೇಶದ (ಹಿಟೈಟರ ನಾಡಿಗೆ ಆಗಿನ ಹೆಸರು) ಸಾವಿರ ದೇವರು, ಈಜಿಪ್ಟ್ ದೇಶದ ಸಾವಿರ ದೇವರು, ಬೆಟ್ಟ, ನದಿ, ಆಕಾಶ, ಭೂಮಿ, ಸಮುದ್ರ, ಗಾಳಿ, ಮೋಡ. ಈ ಮಾತಿಗೆ ತಪ್ಪಿದವನ ಮನೆ, ನೆಲ, ಆಳುಕಾಳು ಎಲ್ಲಾ ನಾಶ ಆಗ್ಲಿ, ನಡೆಸಿದವನು ಮನೆಮಂದಿ ಜೊತೆ ಚೆನ್ನಾಗಿರ್ಲಿ. ಇದು ಬರ್ತಿದ್ದ ಹಾಗೇ ಚಿಕ್ಕಪ್ಪ ಹಾಳೆ ತೊಡೆ ಮೇಲಿಟ್ಟು "ಸ್ವದತ್ತಾಂ ಪರದತ್ತಾಂ ವಾ" ಶುರು ಮಾಡ್ಬಿಟ್ರು, ನಮ್ಮ ದಾನ ಶಾಸನಗಳ ಕೊನೆಯಲ್ಲಿ ಇರುತ್ತಲ್ಲ, ಕೊಟ್ಟ ಭೂಮಿ ಕಿತ್ಕೊಂಡವನು ಅರವತ್ತು ಸಾವಿರ ವರ್ಷ ಮಲದಲ್ಲಿ ಹುಳ ಆಗಿ ಹುಟ್ತಾನೆ ಅಂತ, ಅದು. ಗೈಡ್ ಅದರ ಅರ್ಥ ಕೇಳಿ ಫೈಲಲ್ಲಿ ಬರ್ಕೊಂಡ್ರು. ನಾವು ಇಂಡಿಯಾದವರು ಅಂತ ಇನ್ನೊಂದೂ ಹೇಳಿದ್ರು, ಹಿಟೈಟರು ಮಿತಾನಿ ಅನ್ನೋ ಪಕ್ಕದ ರಾಜ್ಯದ ದೊರೆ ಜೊತೆ ಇದಕ್ಕಿಂತ ನೂರು ವರ್ಷ ಹಿಂದೆ ಮಾಡ್ಕೊಂಡ ಒಪ್ಪಂದವೂ ಈ ಊರಲ್ಲೇ ಸಿಕ್ಕಿದೆ, ಅದರ ಸಾಕ್ಷಿ ದೇವರುಗಳಲ್ಲಿ ಮಿತ್ರ, ವರುಣ, ಇಂದ್ರ, ನಾಸತ್ಯರ ಹೆಸರಿದೆ. ಇದನ್ನ ಹಿಡ್ಕೊಂಡು ವಾಟ್ಸಾಪಲ್ಲಿ ಏನೇನೋ ಬರೀತಾರೆ, ಅದು ಬೇಡ, ಅಷ್ಟು ದೂರದಲ್ಲಿ ಒಬ್ಬ ರಾಜ ವರುಣನ ಹೆಸರಲ್ಲಿ ಆಣೆ ಇಟ್ಟಿದ್ದ ಅನ್ನೋದೇ ಸಾಕಷ್ಟು ದೊಡ್ಡ ವಿಷಯ.

ಅಲ್ಲಿಂದ ಯಾಜಿಲಿಕಾಯ, ಊರಿಂದ ಎರಡು ಕಿಲೋಮೀಟರ್ ಒಳಗೇ. ಬಂಡೆಗಳ ಮಧ್ಯೆ ಛಾವಣಿ ಇಲ್ಲದ ಎರಡು ಕೋಣೆ ಥರ ಜಾಗ, ದೊಡ್ಡದರಲ್ಲಿ ದೇವರುಗಳ ಮೆರವಣಿಗೆ ಕೆತ್ತಿದ್ದಾರೆ, ಗಂಡು ದೇವರುಗಳು ಒಂದು ಕಡೆಯಿಂದ, ಹೆಣ್ಣು ದೇವರುಗಳು ಇನ್ನೊಂದು ಕಡೆಯಿಂದ, ಮಧ್ಯದಲ್ಲಿ ಮುಖ್ಯ ದೇವರು ತೆಶುಬ್ ಮತ್ತೆ ಅವನ ಹೆಂಡತಿ ಹೆಬತ್ ಎದುರುಬದುರು. ಸಾವಿರ ದೇವರು ಸಾಕ್ಷಿ ಅಂತ ಈಗಷ್ಟೇ ಓದಿದ್ದ ನಮಗೆ ಅವರನ್ನೇ ಕರ್ಕೊಂಡು ಬಂದು ನಿಲ್ಲಿಸಿದ ಹಾಗಾಯ್ತು. ಸಣ್ಣ ಕೋಣೆಯಲ್ಲಿ ಶರ್ರುಮ ದೇವರು ಹತ್ತುಸಿಲಿಯ ಮಗ ನಾಲ್ಕನೇ ತುಧಲಿಯನನ್ನ ಕಂಕುಳಲ್ಲಿ ಅಪ್ಪಿಕೊಂಡಿರೋ ಕೆತ್ತನೆ ಇದೆ, ರಾಜನ ಮಣಿಕಟ್ಟನ್ನ ದೇವರು ಹಿಡ್ಕೊಂಡಿರೋದೂ ಹತ್ರ ಹೋದ್ರೆ ಕಾಣುತ್ತೆ. ಗೈಡ್ ಇಲ್ಲಿ ಮತ್ತೆ ಕಾರ್ನಾಕ್ ಹಾಳೆ ತೆಗೆದ್ರು. ಅದರ ಕೊನೆಯಲ್ಲಿ ಬೆಳ್ಳಿ ಹಲಗೆ ಮೇಲಿದ್ದ ಮುದ್ರೆಯ ವರ್ಣನೆ ಇದೆ, ಮುಂಭಾಗದಲ್ಲಿ ಹಿಟೈಟ್ ದೊರೆಯನ್ನ ಅಪ್ಪಿಕೊಂಡ ದೇವರು, ಹಿಂಭಾಗದಲ್ಲಿ ರಾಣಿ ಪುದುಹೇಪಾಳನ್ನ ಅಪ್ಪಿಕೊಂಡ ದೇವಿ. ಕಳೆದುಹೋದ ಬೆಳ್ಳಿ ಹಲಗೆಯ ಚಿತ್ರ ಹೆಂಗಿತ್ತು ಅಂತ ಈ ಬಂಡೆ ನೋಡಿದ್ರೆ ಅಂದಾಜಾಗುತ್ತೆ. ರಾಣಿ ಮುದ್ರೆನೂ ಇತ್ತು ಅನ್ನೋದನ್ನ ಗಮನಿಸಿ. ಒಪ್ಪಂದ ಆದ್ಮೇಲೆ ರಾಮ್ಸೆಸನ ರಾಣಿ ನೆಫರ್ತಾರಿ ಪುದುಹೇಪಾಗೆ ಯೋಗಕ್ಷೇಮ ವಿಚಾರಿಸಿ ಪತ್ರ ಬರೆದು ಹನ್ನೆರಡು ಎಳೆಯ ಚಿನ್ನದ ಸರ ಕಳಿಸಿದ್ದಳು, ರಾಮ್ಸೆಸನ 34ನೇ ವರ್ಷ ಹತ್ತುಸಿಲಿ-ಪುದುಹೇಪಾ ಮಗಳನ್ನೇ ಅವನಿಗೆ ಕೊಟ್ಟು ಮದುವೆ ಆಯ್ತು. ಮುಂದೆ ರಾಮ್ಸೆಸನ ಮಗ ಮರ್ನೆಪ್ತಾ, ಹತ್ತಿ ದೇಶ ಬದುಕಿಕೊಳ್ಳಲಿ ಅಂತ ಹಡಗಲ್ಲಿ ಧಾನ್ಯ ಕಳಿಸಿದೆ ಅಂತ ಕೆತ್ತಿಸಿದ್ದಾನೆ. ಕ್ರಿ.ಪೂ. 1180ರ ಆಸುಪಾಸಲ್ಲಿ ಹಿಟೈಟ್ ಸಾಮ್ರಾಜ್ಯ ಕುಸಿಯೋವರೆಗೂ ಇಬ್ಬರ ಮಧ್ಯೆ ಇನ್ನೊಂದು ಯುದ್ಧ ಆಗಲಿಲ್ಲ.

ಈಗ ಎರಡು ಸ್ಟಾರ್ ಯಾಕೆ ಕಟ್ ಮಾಡ್ದೆ ಅಂತ. ಬ್ರೋಷರ್ ಒಂದು ಕಾರಣ. ಇನ್ನೊಂದು, ಊಟ ಆದ್ಮೇಲೆ ಐಟಿನರಿಯಲ್ಲಿ ಇಲ್ಲದ ಒಂದು ಕಾರ್ಪೆಟ್ ಅಂಗಡಿಗೆ ಕರ್ಕೊಂಡು ಹೋದ್ರು, ಚಹಾ ಕೊಟ್ಟು ಒಂದೊಂದೇ ಬಿಚ್ಚಿ ಹಾಸ್ತಾ ಹೋದ್ರು, ಎದ್ದು ಬರೋಕೆ ಸಂಕೋಚ ಆಗೋ ಹಾಗೆ, ಅಷ್ಟು ಹೊತ್ತು ಯಾಜಿಲಿಕಾಯದಲ್ಲಿ ಇರಬಹುದಿತ್ತು ಅಂತ ಹೊಟ್ಟೆ ಉರೀತು. ಇದು ಗೈಡ್ ತಪ್ಪಲ್ಲ, ಆಫೀಸಿಂದ ಡ್ರೈವರಿಗೆ ಫೋನ್ ಬಂದಿದ್ದು ನಮ್ಮ ಎದುರಿಗೇ. ದುಡ್ಡು ಕೊಟ್ಟು ಪ್ರೈವೇಟ್ ಟೂರ್ ತಗೊಂಡವರಿಗೆ ಇದು ಅನ್ಯಾಯ, ಬುಕ್ ಮಾಡೋವಾಗಲೇ ಅಂಗಡಿ ಸ್ಟಾಪ್ ಬೇಡ ಅಂತ ಮೆಸೇಜಲ್ಲಿ ಬರೆಸ್ಕೊಳ್ಳಿ.

ಊಟ ಪರವಾಗಿಲ್ಲ. ಪ್ಯೂರ್ ವೆಜ್ ಇರೋರಿಗೆ ಬೇಳೆ ಸೂಪು, ಚೀಸ್ ಅಥವಾ ಆಲೂ ಹಾಕಿದ ಗೋಜ್ಲೆಮೆ ರೊಟ್ಟಿ, ಬ್ರೆಡ್ಡು, ಉಪ್ಪು ಹಾಕಿದ ಅಯ್ರಾನ್ ಮಜ್ಜಿಗೆ ಸಿಗುತ್ತೆ, ಸೂಪಿಗೆ ಮಾಂಸದ ನೀರು ಹಾಕಿದ್ದಾರಾ ಅಂತ ಗೈಡ್ ಕೈಲಿ ಕೇಳಿಸ್ಕೊಳ್ಳಿ. ಚೊರುಮ್ ಜಿಲ್ಲೆಯ ಹುರಿಗಡಲೆ ಆ ಕಡೆ ಫೇಮಸ್ಸು, ನಾವು ಮನೆಗೂ ಕಟ್ಟಿಸ್ಕೊಂಡು ಬಂದ್ವಿ. ಸೈಟ್ ಎತ್ತರ ತಗ್ಗು ಜಾಸ್ತಿ, ಬಾಗಿಲಿಂದ ಬಾಗಿಲಿಗೆ ಕಾರಲ್ಲೇ ಹೋಗಬಹುದು, ಹಾಗಾಗಿ ಮಂಡಿ ನೋವಿರೋ ಚಿಕ್ಕಪ್ಪನೂ ಎಲ್ಲಾ ನೋಡಿದ್ರು, ಬ್ಯುಯುಕ್ಕಲೆ ಮೆಟ್ಟಿಲು ಮಾತ್ರ ನಿಧಾನಕ್ಕೆ ಹತ್ತಬೇಕು. ನೆರಳು ಇಲ್ಲವೇ ಇಲ್ಲ, ಟೋಪಿ ನೀರು ಮರೀಬೇಡಿ.

ಇನ್ನೊಂದು ಮಾತು, ಅಂಕಾರಾದಲ್ಲಿ ಒಂದು ದಿನ ಜಾಸ್ತಿ ಇಟ್ಕೊಂಡು ಅನಟೋಲಿಯನ್ ನಾಗರಿಕತೆಗಳ ಮ್ಯೂಸಿಯಂಗೆ ಹೋಗಿ ಕಂಚಿನ ಹಲಗೆ ನೋಡಿ. 1986ರಲ್ಲಿ ಹತ್ತೂಷಾದ ಸ್ಫಿಂಕ್ಸ್ ಬಾಗಿಲ ಹತ್ರ ಸಿಕ್ಕಿದ್ದು, ತುಧಲಿಯ ತನ್ನ ದೊಡ್ಡಪ್ಪನ ಮಗ ಕುರುಂತನಿಗೆ ತರ್ಹುಂತಶ್ಶ ಅನ್ನೋ ಸೀಮೆ ಕೊಟ್ಟ ಒಪ್ಪಂದ ಅದು. ಈಜಿಪ್ಟ್ ಜೊತೆ ಗಡಿ ಎಲ್ಲಿ ಅಂತ ಒಂದು ಸಾಲೂ ಬರೆಯದೇ ಇದ್ದ ಅದೇ ಮನೆತನ, ಸ್ವಂತ ದಾಯಾದಿ ಜೊತೆ ಮಾತ್ರ ಯಾವ ಊರು ನಿಂದು, ಯಾವ ಬೆಟ್ಟ ನಂದು, ಯಾವ ನದಿವರೆಗೆ ಅಂತ ಹೆಸರು ಹೆಸರು ಹಿಡಿದು ಬರೆಸಿದೆ. ಸರಪಳಿ ಸಮೇತ ಇಟ್ಟಿದ್ದಾರೆ, ಅಕ್ಷರಗಳು ಈಗ್ಲೂ ಚೊಕ್ಕವಾಗಿವೆ. ಇಸ್ತಾಂಬುಲ್ಲಿಗೆ ಹೋಗೋರು ಗುಲ್ಹಾನೆ ಟ್ರಾಮ್ ಸ್ಟಾಪಲ್ಲಿ ಇಳಿದು ಗೇಟಲ್ಲೇ ಪ್ರಾಚೀನ ಪೂರ್ವದ ಕಟ್ಟಡ ತೆರೆದಿದೆಯಾ ಅಂತ ಕೇಳಿ ಆಮೇಲೆ ಟಿಕೆಟ್ ತಗೊಳ್ಳಿ, ಒಪ್ಪಂದದ ಹಲಗೆ ಚಿಕ್ಕದು, ಬ್ಯಾಬಿಲೋನಿನ ಬಣ್ಣದ ಸಿಂಹಗಳನ್ನೇ ನೋಡ್ಕೊಂಡು ಜನ ಅದರ ಮುಂದೆನೇ ದಾಟಿ ಹೋಗ್ತಾರೆ.